ತರಕಾರಿ ಬೆಳೆದು ಮಾರಲು ಜಾಗ: ದೂರದ ಎರಡು ಎಕರೆಯೋ, ಹತ್ತಿರದ ಕಾಲು ಎಕರೆಯೋ?

ಪ್ರಶ್ನೆ: ನಾನು, ನನ್ನ ಹೆಂಡತಿ ಸೇರಿ ಸೊಪ್ಪು, ತರಕಾರಿ ಬೆಳೆದು ನೇರವಾಗಿ ಮನೆಗಳಿಗೆ, ಹೋಟೆಲುಗಳಿಗೆ ಮಾರಬೇಕು ಅಂತಿದ್ದೇವೆ. ಸ್ವಂತ ಜಮೀನಿಲ್ಲ. ಹುಡುಕಾಟದಲ್ಲಿ ಎರಡು ಜಾಗ ಕಣ್ಣಿಗೆ ಬಿದ್ದಿವೆ. ಒಂದು, ಮನೆಯಿಂದ ಒಂದೂವರೆ ಗಂಟೆ ದೂರದಲ್ಲಿ ಎರಡು ಎಕರೆ. ಮಣ್ಣು ತುಂಬಾ ಚೆನ್ನಾಗಿದೆ, ಕ್ರಯಕ್ಕೆ ಕೊಡುತ್ತಾರೆ. ಇನ್ನೊಂದು, ಹತ್ತು ನಿಮಿಷದ ದೂರದಲ್ಲಿ ಗೋದಾಮೊಂದರ ಹಿಂದೆ ಕಾಲು ಎಕರೆ. ಗಟ್ಟಿ ನೆಲ, ಕಳೆ ತುಂಬಿದೆ, ಬಾಡಿಗೆಗೆ ಮಾತ್ರ. ಯಾವುದನ್ನು ಹಿಡಿಯೋದು? ಎರಡೂ ಬೇಡ ಅನ್ನೋದಾದರೆ ಬೇರೆ ಜಾಗ ಹುಡುಕುವುದು ಹೇಗೆ? ಜಾಗ ಕೈಗೆ ಬಂದಮೇಲೆ ಎಷ್ಟು ದಿನಕ್ಕೆ ಬಿತ್ತಬಹುದು?

ಉತ್ತರ: ನೀರು ಸರಿಯಾಗಿದ್ದರೆ, ಮಣ್ಣಿನಲ್ಲಿ ವಿಷ ಇಲ್ಲದಿದ್ದರೆ, ಹತ್ತಿರದ ಕಾಲು ಎಕರೆ ಹಿಡಿಯಿರಿ. ಎರಡು ಎಕರೆಯ ಮಣ್ಣು ಎಷ್ಟೇ ಚೆನ್ನಾಗಿರಲಿ, ನೀವು ಅಲ್ಲೇ ಹೋಗಿ ಮನೆ ಮಾಡುವ ಯೋಚನೆ ಇಲ್ಲ ಅಂದರೆ ಅದನ್ನು ಬಿಡಿ.

ಜಾಗ ನೋಡಲು ಹೋದವರೆಲ್ಲ ಮೊದಲು ಬಗ್ಗಿ ಒಂದು ಹಿಡಿ ಮಣ್ಣು ಎತ್ತಿಕೊಳ್ಳುತ್ತಾರೆ. ನಾನು ಮಣ್ಣನ್ನು ಕೊನೆಗೆ ನೋಡಿ ಅನ್ನುತ್ತೇನೆ. ಒಂದು ಜಾಗದಲ್ಲಿ ನಾವು ಸರಿಮಾಡಬಹುದಾದ ದೋಷಗಳಿರುತ್ತವೆ, ಏನು ಮಾಡಿದರೂ ಸರಿಹೋಗದ ದೋಷಗಳೂ ಇರುತ್ತವೆ. ಸಣ್ಣ ತೋಟದ ಮಟ್ಟಿಗೆ ಬಡ ಮಣ್ಣು, ಗಟ್ಟಿ ನೆಲ, ಹೆಚ್ಚಿನ ಕಳೆ ಇವೆಲ್ಲ ಸರಿಮಾಡಬಹುದಾದವು. ದೂರ, ನೀರಿನ ಕೊರತೆ, ನೆರಳು, ಜಗಳಗಂಟ ಮಾಲೀಕ, ಇವನ್ನು ಗೊಬ್ಬರ ಹಾಕಿ ಸರಿಮಾಡಲು ಆಗುವುದಿಲ್ಲ ಅಲ್ವಾ?

ಮೊದಲು ದೂರದ ಲೆಕ್ಕ ನೋಡಿ. ಹೋಗಿ ಬರಲು ದಿನಕ್ಕೆ ಮೂರು ಗಂಟೆ. ವಾರಕ್ಕೆ ಆರು ದಿನ ಅಂದರೆ ಹದಿನೆಂಟು ಗಂಟೆ ದಾರಿಯಲ್ಲೇ ಹೋಯಿತು. ಅಷ್ಟು ಹೊತ್ತಿನಲ್ಲಿ ಇಬ್ಬರು ಕೂತು ಎಷ್ಟೊಂದು ಕಳೆ ಕೀಳಬಹುದು! ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ತರಕಾರಿಗೆ ದಿನಾ ಕಣ್ಣು ಬೀಳಬೇಕು. ಡ್ರಿಪ್ ಪೈಪಿನ ಒಂದು ಜೋಡಣೆ ಕಿತ್ತುಕೊಂಡಿದ್ದು ಸಂಜೆಯೇ ಗೊತ್ತಾದರೆ ಐದು ನಿಮಿಷದ ಕೆಲಸ. ಬೇಸಿಗೆಯಲ್ಲಿ ಮೂರು ದಿನ ಬಿಟ್ಟು ಗೊತ್ತಾದರೆ ಆಗಷ್ಟೇ ಮೊಳೆತ ಕ್ಯಾರೆಟ್ ಮಡಿ ಹೋದಹಾಗೆಯೇ. ಕ್ಯಾರೆಟ್ ಬೀಜ ಮೊಳೆಯಲು ಒಂದರಿಂದ ಮೂರು ವಾರ ಬೇಕು, ಅಷ್ಟೂ ದಿನ ಮೇಲ್ಮಣ್ಣು ಒಣಗಬಾರದು. ಸೊಪ್ಪನ್ನು ಬಿಸಿಲೇರುವ ಮುಂಚೆ ಕೊಯ್ಯಬೇಕು. ಒಂದೂವರೆ ಗಂಟೆ ಪ್ರಯಾಣ ಮಾಡಿ ಹೋಗುವವರಿಗೆ ಇದು ದಿನನಿತ್ಯ ಸಾಧ್ಯವಿಲ್ಲ. ಮೊದಲ ತಿಂಗಳು ಹುಮ್ಮಸ್ಸಿರುತ್ತದೆ, ಹೋಗುತ್ತೀರಿ. ಆಮೇಲೆ "ಇವತ್ತೊಂದಿನ ಬಿಡೋಣ" ಅನ್ನುವುದು ಶುರುವಾಗುತ್ತದೆ.

ಇದೇನೂ ಹೊಸ ಮಾತಲ್ಲ. ಜರ್ಮನಿಯ ಜಮೀನುದಾರ ಯೋಹಾನ್ ಹೈನ್ರಿಷ್ ಫಾನ್ ಟ್ಯೂನೆನ್ 1826ರಲ್ಲೇ ಒಂದು ಊರಿನ ಸುತ್ತ ಯಾವ ಬೆಳೆ ಎಲ್ಲಿ ಬರುತ್ತದೆ ಅಂತ ಲೆಕ್ಕ ಹಾಕಿದ್ದ. ಅವನ ಲೆಕ್ಕದಲ್ಲಿ ಊರಿಗೆ ಅಂಟಿಕೊಂಡ ಮೊದಲ ಸುತ್ತು ತರಕಾರಿಗೆ ಮತ್ತು ಹಾಲಿಗೆ. ಧಾನ್ಯ ಅದರಾಚೆ, ದನ ಮೇಯಿಸುವುದು ಇನ್ನೂ ಆಚೆ. ಆಗ ಎತ್ತಿನ ಗಾಡಿ, ಕುದುರೆ ಗಾಡಿ. ಈಗ ಲಾರಿ, ಶೀತಲ ಗೃಹ ಎಲ್ಲ ಬಂದಿವೆ, ಹಾಗಾಗಿ ದೊಡ್ಡ ಬೆಳೆಗಾರರಿಗೆ ಆ ಸುತ್ತು ಮುರಿದುಹೋಗಿದೆ. ಬೆಳಗ್ಗೆ ಕೊಯ್ದು ಮಧ್ಯಾಹ್ನದೊಳಗೆ ಕೊಡುವ ಸಣ್ಣವರಿಗೆ ಮಾತ್ರ ಅದು ಇನ್ನೂ ಹಾಗೇ ಇದೆ. ತಾಜಾತನ ಬಿಟ್ಟರೆ ದೊಡ್ಡವರ ಎದುರು ನಿಲ್ಲಲು ನಿಮ್ಮ ಕೈಯಲ್ಲಿ ಬೇರೇನೂ ಇಲ್ಲ.

ಕಾಲು ಎಕರೆ ಸಾಕಾ ಅನ್ನುವ ಅನುಮಾನ ನಿಮಗೆ ಬಂದೇ ಇರುತ್ತದೆ. ಕಾಲು ಎಕರೆ ಅಂದರೆ ಸುಮಾರು 1,000 ಚದರ ಮೀಟರ್. ಶೆಡ್ಡು, ತರಕಾರಿ ತೊಳೆಯುವ ಜಾಗ, ಗೊಬ್ಬರದ ಗುಡ್ಡೆ, ಗಾಡಿ ತಿರುಗಿಸಲು ಒಂದಿಷ್ಟು, ಇದಕ್ಕೆಲ್ಲ 200 ಬಿಡಿ. ಉಳಿದ 800ರಲ್ಲಿ 75 ಸೆಂಟಿಮೀಟರ್ ಅಗಲದ ಮಡಿ, ನಡುವೆ ಓಡಾಡಲು 45 ಸೆಂಟಿಮೀಟರ್ ದಾರಿ ಹಾಕಿದರೆ ಬೆಳೆಗೆ ಸಿಗುವುದು 500 ಚದರ ಮೀಟರ್. 30 ಮೀಟರ್ ಉದ್ದದ ಮಡಿ ಅಂದುಕೊಂಡರೆ ಇಪ್ಪತ್ತೆರಡು ಮಡಿ. ಕೇಳಲು ಕಡಿಮೆ ಅನಿಸುತ್ತದೆ. ಮೂಲಂಗಿ ತಿಂಗಳೊಳಗೆ ಕೈಗೆ ಬರುತ್ತದೆ, ಸೊಪ್ಪು ಐದಾರು ವಾರಕ್ಕೆ. ಒಂದು ಕಡೆ ಕಿತ್ತ ದಿನವೇ ಇನ್ನೊಂದು ಬಿತ್ತಬೇಕು. ಇದನ್ನು ವರ್ಷವಿಡೀ ತಪ್ಪದೆ ನಡೆಸುವುದು ಹೊಸದಾಗಿ ಕೈಹಾಕುವ ಇಬ್ಬರಿಗೆ ಸಾಕಾಗುವುದಷ್ಟೇ ಅಲ್ಲ, ಜಾಸ್ತಿಯೇ ಆದೀತು. ಹೌದು, ಇಷ್ಟರಲ್ಲೇ ಇಬ್ಬರ ಪೂರ್ತಿ ಸಂಸಾರ ನಡೆಯಬೇಕು ಅಂದರೆ ಮುಂದೆ ಜಾಗ ಸಾಲದು. ಆದರೆ ಕಸುಬು ಕಲಿಯಲು, ಗಿರಾಕಿ ಹಿಡಿಯಲು ಇದು ಸರಿಯಾದ ಅಳತೆ. ಉಬ್ಬು ತಗ್ಗಿನ ದೊಡ್ಡ ಜಮೀನನ್ನು ಅರ್ಧ ಪಾಳು ಬಿಟ್ಟರೆ ಆ ಪಾಳು ನೆಲದ ಕಳೆ ಬೀಜವೂ ನಿಮ್ಮ ಮಡಿಗೇ ಬಂದು ಬೀಳುತ್ತದೆ.

ಈಗ ನೀರು. ಹೆಚ್ಚು ಜಾಗಗಳು ಕೈಬಿಟ್ಟುಹೋಗಬೇಕಾದದ್ದು ಇಲ್ಲೇ. ಹೋಗುವುದಿಲ್ಲ, ಯಾಕೆಂದರೆ ಯಾರೂ ಅಳೆಯುವುದಿಲ್ಲ. "ನೀರಿದೆ ಸಾರ್, ಬೇಕಾದಷ್ಟಿದೆ" ಅಂತ ಮಾಲೀಕರು ಹೇಳುತ್ತಾರೆ, ಪಂಪು ಹಾಕಿ ತೋರಿಸುತ್ತಾರೆ, ನೀರು ಚಿಮ್ಮುತ್ತದೆ, ನೋಡಿ ಖುಷಿಯಾಗಿ ಬರುತ್ತೇವೆ. ಮೊದಲ ಹತ್ತು ನಿಮಿಷದ ನೀರು ಬಾವಿಯಲ್ಲಿ ನಿಂತಿದ್ದ ನೀರು. ನಿಮಗೆ ಬೇಕಾದದ್ದು ಊಟೆಯಿಂದ ಬರುವ ನೀರಿನ ಲೆಕ್ಕ.

ಒಂದು 20 ಲೀಟರ್ ಬಕೆಟ್, ಕೈಗಡಿಯಾರ ತೆಗೆದುಕೊಂಡು ಹೋಗಿ. ಪಂಪು ಹಾಕಿದ ತಕ್ಷಣ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕಾಯಿತು ಬರೆದುಕೊಳ್ಳಿ. ಪಂಪು ಓಡುತ್ತಲೇ ಇರಲಿ. ಮೂರು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಎರಡನೇ ಸಲ 40 ಸೆಕೆಂಡ್ ಹಿಡಿಯಿತು ಅಂದುಕೊಳ್ಳೋಣ. ನಿಮಿಷಕ್ಕೆ 30 ಲೀಟರ್, ಗಂಟೆಗೆ 1,800. ಇದು ಸಾಕಾ? ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ನೀರು ಅಂದರೆ ಸರಿಯಾಗಿ ಒಂದು ಲೀಟರ್. ಬಿಸಿಲುಗಾಲದಲ್ಲಿ ತರಕಾರಿ ದಿನಕ್ಕೆ ಸುಮಾರು 5 ಮಿಲಿಮೀಟರ್ ಕುಡಿಯುತ್ತದೆ, ಬಿಸಿಗಾಳಿ ಬೀಸಿದರೆ ಇನ್ನೂ ಹೆಚ್ಚು. 500 ಚದರ ಮೀಟರ್ ಮಡಿಗೆ 2,500 ಲೀಟರ್ ಆಯಿತು. ತೊಳೆಯಲು, ಸಸಿಗಳಿಗೆ, ಸೋರಿಹೋಗುವುದಕ್ಕೆ ಅಂತ ಸೇರಿಸಿ 4,000 ಇಟ್ಟುಕೊಳ್ಳಿ. ಎರಡೂಕಾಲು ಗಂಟೆ ಪಂಪು ಓಡಿಸಿದರೆ ಮುಗಿಯಿತು, ಚಿಂತೆಯಿಲ್ಲ. ಎರಡನೇ ಸಲ ಬಕೆಟ್ ಅರ್ಧ ತುಂಬುವಾಗಲೇ ಪಂಪು ಗಾಳಿ ಎಳೆಯತೊಡಗಿದರೆ ಆ ಜಾಗದ ಬಾಡಿಗೆ ಎಷ್ಟೇ ಕಡಿಮೆ ಇರಲಿ, ಬೇಡ. ಈ ಅಳತೆಯನ್ನು ಬೇಸಿಗೆ ಮುಗಿಯುವ ಹೊತ್ತಿಗೆ ಮಾಡಿದರೆ ಮಾತ್ರ ನಂಬಬಹುದು. ಮಳೆಗಾಲದಲ್ಲಿ ಎಲ್ಲರ ಬಾವಿಯೂ ಚೆನ್ನಾಗಿರುತ್ತದೆ.

ನೀರಿನ ಗುಣಕ್ಕೊಂದು ಪರೀಕ್ಷೆ ಮಾಡಿಸಿ. ಉಪ್ಪಿನಂಶವನ್ನು ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿಯಲ್ಲಿ ಮೀಟರಿಗೆ 0.7 ಡೆಸಿಸೀಮೆನ್ಸ್‌ಗಿಂತ ಕಡಿಮೆ ಇದ್ದರೆ ತೊಂದರೆಯಿಲ್ಲ, 3 ದಾಟಿದರೆ ಬಹಳ ಕಷ್ಟ. ನಡುವೆ ಇದ್ದರೆ ಬೆಳೆ ನೋಡಿ ಆರಿಸಬೇಕು. ಬೀನ್ಸ್, ಕ್ಯಾರೆಟ್, ಈರುಳ್ಳಿಗೆ ಉಪ್ಪು ಆಗಿಬರುವುದಿಲ್ಲ, ಬೀಟ್‌ರೂಟ್ ಸಾಕಷ್ಟು ತಡೆದುಕೊಳ್ಳುತ್ತದೆ. ಹಸಿಯಾಗಿ ತಿನ್ನುವ ಸೊಪ್ಪನ್ನು ಇದೇ ನೀರಲ್ಲಿ ತೊಳೆಯುವುದರಿಂದ ಇ ಕೋಲಿ ಬ್ಯಾಕ್ಟೀರಿಯಾ ಇದೆಯೇ ಅಂತಲೂ ನೋಡಿಸಿ.

ಬಿಸಿಲು ಸುಲಭ. ದಿನಕ್ಕೆ ಕನಿಷ್ಠ ಆರು ಗಂಟೆ, ಕಾಯಿ ಬಿಡುವ ಗಿಡಗಳಿಗೆ ಎಂಟು ಗಂಟೆ ನೇರ ಬಿಸಿಲು ಬೇಕು. ನಿಮ್ಮ ಜಾಗದ ಪಕ್ಕ ಗೋದಾಮು ಇದೆ. ಅದರ ನೆರಳು ಬೆಳಗ್ಗೆ, ಮಧ್ಯಾಹ್ನ, ಸಂಜೆ ಎಲ್ಲಿಗೆ ಬರುತ್ತದೆ ಅಂತ ಗೂಟ ಹೊಡೆದು ಗುರುತು ಮಾಡಿ. ಚಳಿಗಾಲದಲ್ಲಿ ಸೂರ್ಯ ಕೆಳಗಿರುತ್ತಾನೆ, ನೆರಳು ಉದ್ದವಾಗುತ್ತದೆ ಅನ್ನುವುದು ನೆನಪಿರಲಿ. ಗಡಿಯಲ್ಲಿ ದೊಡ್ಡ ಮರ ಇದ್ದರೆ ಬೇರಿನ ಬಗ್ಗೆಯೂ ಯೋಚಿಸಿ. ಕೊಂಬೆ ಹರಡಿದ್ದಕ್ಕಿಂತ ಎಷ್ಟೋ ದೂರ ಬೇರು ಹೋಗಿರುತ್ತದೆ. ನೀವು ಹಾಕಿದ ನೀರು, ಗೊಬ್ಬರಕ್ಕೆ ಅದೇ ಮೊದಲ ಪಾಲುದಾರ.

ಸರಿ, ಈಗ ಮಣ್ಣು. ಹಾರೆ, ಸಲಿಕೆ ತೆಗೆದುಕೊಂಡು ಒಂದೊಂದು ಅಡಿ ಉದ್ದ, ಅಗಲ, ಆಳದ ಗುಂಡಿಯನ್ನು ಮೂರು ನಾಲ್ಕು ಕಡೆ ತೆಗೆಯಿರಿ. ಒಂದೇ ಕಡೆ ತೆಗೆದು ನಿರ್ಧಾರ ಮಾಡಬೇಡಿ. ಗೋದಾಮಿನ ಹಿಂದಿನ ನೆಲದಲ್ಲಿ ಒಂದು ಮೂಲೆ ಮಣ್ಣಾಗಿದ್ದರೆ ಇನ್ನೊಂದು ಮೂಲೆ ಕಟ್ಟಡದ ಕಲ್ಲು ಚೂರು ತುಂಬಿದ್ದಿರಬಹುದು. ಅಗೆಯುವಾಗ ಕೈಗೆ ಏನು ತಿಳಿಯುತ್ತದೆ ಗಮನಿಸಿ. ಮೇಲಿನ ನಾಲ್ಕು ಇಂಚು ಸಲೀಸಾಗಿ ಬಂದು ಆಮೇಲೆ ಹಾರೆ ಟಣ್ ಅಂತ ಹಿಂದಕ್ಕೆ ಬಂದರೆ ಅಲ್ಲಿ ಗಾಡಿ ಓಡಾಡಿ ಗಟ್ಟಿಯಾದ ಪದರ ಇದೆ. ಗುಂಡಿಯ ಗೋಡೆಯಲ್ಲಿ ಹುಲ್ಲಿನ ಬೇರು ನೇರ ಕೆಳಗೆ ಹೋಗದೆ ಅಡ್ಡ ತಿರುಗಿದ್ದರೂ ಅದೇ ಅರ್ಥ. ಮಣ್ಣು ಬೂದು ನೀಲಿ ಬಣ್ಣಕ್ಕೆ ತಿರುಗಿ ಕೊಳೆತ ವಾಸನೆ ಬಂದರೆ ನೀರು ನಿಲ್ಲುವ ಜಾಗ. ಎರೆಹುಳ ಕಂಡರೆ ಸಂತೋಷ, ಕಾಣದಿದ್ದರೆ ಗಾಬರಿ ಬೇಡ, ಒಣ ಕಾಲದಲ್ಲಿ ಅವು ಆಳಕ್ಕೆ ಇಳಿದಿರುತ್ತವೆ.

ಅದೇ ಗುಂಡಿಗೆ ನೀರು ತುಂಬಿಸಿ. ಪೂರ್ತಿ ಇಂಗಿದ ಮೇಲೆ ಇನ್ನೊಮ್ಮೆ ತುಂಬಿಸಿ, ಒಂದು ಕಡ್ಡಿ ಇಳಿಸಿ ಅಳೆಯಿರಿ. ಗಂಟೆಗೆ ಒಂದರಿಂದ ಮೂರು ಇಂಚು ಇಳಿದರೆ ಒಳ್ಳೆಯದು. ಅರ್ಧ ಇಂಚೂ ಇಳಿಯದಿದ್ದರೆ ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ. ಮಡಿ ಎತ್ತರ ಮಾಡಿ, ನೀರು ಹೋಗಲು ಕಾಲುವೆ ತೆಗೆದು ಸ್ವಲ್ಪ ಮಟ್ಟಿಗೆ ಸುಧಾರಿಸಬಹುದು, ಹರಿದುಹೋಗಲು ತಗ್ಗಿನ ಕಡೆ ದಾರಿ ಇದ್ದರೆ ಮಾತ್ರ.

ನಿಮ್ಮ ಜಾಗದ ನೆಲ ಗಟ್ಟಿ ಅಂದಿರಿ, ಮಣ್ಣೂ ಬಡವಾಗಿದೆ ಅಂತಲೇ ಇಟ್ಟುಕೊಳ್ಳೋಣ. 500 ಚದರ ಮೀಟರಿಗೆ 5 ಸೆಂಟಿಮೀಟರ್ ದಪ್ಪ ಕಾಂಪೋಸ್ಟ್ ಹರಡಲು 25 ಘನ ಮೀಟರ್ ಬೇಕು. ಅಷ್ಟು ತರಿಸಬಹುದು. ಅದನ್ನೇ ಎರಡು ಎಕರೆಗೆ ಲೆಕ್ಕ ಹಾಕಿ. ಅದೇ ಅಳತೆಯ ಮಡಿ, ದಾರಿ ಅಂದುಕೊಂಡರೂ 250 ಘನ ಮೀಟರ್ ಆಗುತ್ತದೆ, ಯಾರಿಂದ ಆದೀತು? ಜಾಗ ಸಣ್ಣದಿದ್ದಷ್ಟೂ ಮಣ್ಣಿನ ದೋಷ ಸಣ್ಣದಾಗುತ್ತದೆ. ಅಂದಹಾಗೆ, ಆ ಗೊಬ್ಬರದ ಟ್ರಾಕ್ಟರ್ ಮಳೆಗಾಲದಲ್ಲೂ ಒಳಗೆ ಬರುವಂಥ ದಾರಿ ಇದೆಯೇ? ಗೇಟಿನ ಅಗಲ ಎಷ್ಟು? ಜಾಗ ನೋಡುವಾಗ ಇದನ್ನೆಲ್ಲ ಮರೆಯುತ್ತೇವೆ. ಆಮೇಲೆ ಬಾಣಲಿಯಲ್ಲಿ ಹೊರುತ್ತೇವೆ.

ಆದರೆ ಮಣ್ಣಿನ ಒಂದು ದೋಷಕ್ಕೆ ಗೊಬ್ಬರ ಮದ್ದಲ್ಲ: ವಿಷ. ನಿಮ್ಮ ಜಾಗಕ್ಕೆ ಇದು ಮುಖ್ಯ. ಗೋದಾಮಿನಲ್ಲಿ ಹಿಂದೆ ಏನಿಡುತ್ತಿದ್ದರು ಕೇಳಿ. ಬ್ಯಾಟರಿ, ಎಣ್ಣೆ, ಬಣ್ಣ, ಕೀಟನಾಶಕ ಅಂದರೆ ಎಚ್ಚರ. ಹಳೆಯ ಬಣ್ಣ ಉದುರಿದ ಗೋಡೆಯ ಬುಡ, ವಾಹನ ಜಾಸ್ತಿ ಓಡಾಡುವ ರಸ್ತೆ ಬದಿಯ ಮಣ್ಣಿನಲ್ಲಿ ಸೀಸ ಇರಬಹುದು. ವಾಹನಗಳಿಗೆ ಸೀಸ ಬೆರೆಸಿದ ಪೆಟ್ರೋಲ್ ಮಾರುವುದು ಜಗತ್ತಿನಲ್ಲಿ ಪೂರ್ತಿಯಾಗಿ ನಿಂತದ್ದು 2021ರಲ್ಲಿ. ಸೀಸ ಕೊಳೆಯುವ ವಸ್ತುವಲ್ಲ, ಬಿದ್ದಲ್ಲೇ ಇರುತ್ತದೆ. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ, ಸೀಸ, ಕ್ಯಾಡ್ಮಿಯಂ ಅಂತ ಹೆಸರು ಹೇಳಿ ಪ್ರತ್ಯೇಕವಾಗಿ ಮಾಡಿಸಬೇಕು. ಖರ್ಚು ಹೆಚ್ಚಾದರೂ ಮಾಡಿಸಿ. ಬೇರೆಯವರ ಮಕ್ಕಳು ತಿನ್ನುವ ಸೊಪ್ಪು ಇದು.

ಕಳೆನಾಶಕ ಹೊಡೆದ ಅನುಮಾನ ಇದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಆ ಮಣ್ಣನ್ನು ಮೂರು ಕುಂಡಕ್ಕೆ, ನಂಬಿಕೆಯ ಮಣ್ಣನ್ನು ಮೂರು ಕುಂಡಕ್ಕೆ ತುಂಬಿ ಎಲ್ಲದಕ್ಕೂ ಬೀನ್ಸ್ ಹಾಕಿ. ಮೂರು ವಾರ ನೋಡಿ. ಅನುಮಾನದ ಮಣ್ಣಿನ ಕುಂಡಗಳಲ್ಲಿ ಮಾತ್ರ ಎಲೆ ಮುದುಡಿ ಬಟ್ಟಲಿನ ಹಾಗೆ ಆದರೆ, ಸುಳಿ ತಿರುಚಿಕೊಂಡರೆ ಮಣ್ಣಲ್ಲಿ ಔಷಧಿ ಉಳಿದಿದೆ. ಹೊರಗಿನಿಂದ ತರಿಸುವ ಗೊಬ್ಬರಕ್ಕೂ ಇದೇ ಪರೀಕ್ಷೆ ಮಾಡಿ. ಕಳೆನಾಶಕ ಹೊಡೆದ ಹುಲ್ಲು ತಿಂದ ದನದ ಸಗಣಿಯಲ್ಲೂ ಕೆಲವು ಔಷಧಿಗಳು ಹಾಗೇ ದಾಟಿ ಬರುತ್ತವೆ.

ಕಳೆ ತುಂಬಿದೆ ಅಂದಿರಲ್ಲ, ಯಾವ ಕಳೆ? ಬೀಜದಿಂದ ಬರುವ ಕಳೆ ಎಷ್ಟೇ ಎತ್ತರ ಬೆಳೆದಿರಲಿ ಹೆದರಬೇಡಿ. ಗರಿಕೆ ಇದ್ದರೆ ಕೆಲಸ ಜಾಸ್ತಿ. ಜೇಕು, ಅದೇ ತುಂಗೆ ಗಡ್ಡೆ, ಇಡೀ ಜಾಗಕ್ಕೆ ಹರಡಿದ್ದರೆ ನಾನು ಬಾಡಿಗೆ ಇಳಿಸಿ ಅಂತ ಕೇಳುತ್ತೇನೆ. ಮೇಲೆ ಕಿತ್ತರೆ ಕೆಳಗಿನ ಸರಪಳಿ ಗಡ್ಡೆಗಳು ಮತ್ತೆ ಚಿಗುರುತ್ತವೆ. ಪ್ಲಾಸ್ಟಿಕ್ ಹೊದಿಕೆಯನ್ನೂ ಚುಚ್ಚಿಕೊಂಡು ಮೇಲೆ ಬರುತ್ತದೆ ಅದು.

ಇನ್ನು ಹುಡುಕುವ ವಿಷಯ. ಮಾರಾಟಕ್ಕಿದೆ ಅಂತ ಬೋರ್ಡು ಹಾಕಿದ ಜಾಗಗಳ ಹಿಂದೆ ಹೋಗಬೇಡಿ, ಅವುಗಳಿಗೆ ಕಟ್ಟಡದ ಬೆಲೆ. ನಿಮಗೆ ಬೇಕಾದ ಜಾಗದ ಮಾಲೀಕರಿಗೆ ಅದನ್ನು ಬಾಡಿಗೆಗೆ ಕೊಡಬಹುದು ಅನ್ನುವ ಯೋಚನೆಯೇ ಬಂದಿರುವುದಿಲ್ಲ. ವಯಸ್ಸಾಗಿ ಬೇಸಾಯ ಬಿಟ್ಟವರು, ಮಕ್ಕಳು ದೂರ ಇರುವವರು, ಶಾಲೆ, ಆಸ್ಪತ್ರೆ, ಆಶ್ರಮದಂಥ ಸಂಸ್ಥೆಗಳು, ದೊಡ್ಡ ತೋಟದಲ್ಲಿ ಒಂದು ಮೂಲೆ ಸುಮ್ನೆ ಬಿಟ್ಟವರು, ಇವರ ಹತ್ತಿರ ಜಾಗ ಇದೆ. ಮನೆಯಿಂದ ಇಪ್ಪತ್ತು ನಿಮಿಷದೊಳಗಿನ ಸುತ್ತಮುತ್ತಲ ಪ್ರದೇಶವನ್ನು ಉಪಗ್ರಹ ನಕ್ಷೆಯಲ್ಲಿ ನೋಡಿ ಖಾಲಿ ಜಾಗ ಗುರುತು ಮಾಡಿ, ಆಮೇಲೆ ಸೈಕಲ್ಲಲ್ಲಿ ಹೋಗಿ ನೋಡಿ. ಪಂಪು ರಿಪೇರಿಯವರನ್ನು ಕೇಳಿ, ಟ್ರಾಕ್ಟರ್ ಓಡಿಸುವವರನ್ನು ಕೇಳಿ. ಯಾರ ಬಾವಿ ಬತ್ತಿದೆ, ಯಾರ ಹೊಲ ಮೂರು ವರ್ಷದಿಂದ ಉತ್ತಿಲ್ಲ ಅನ್ನುವುದು ಅವರಿಗೆ ಗೊತ್ತಿರುವಷ್ಟು ದಲ್ಲಾಳಿಗೆ ಗೊತ್ತಿರುವುದಿಲ್ಲ. ಒಂದೇ ಕಡೆ ಸಿಗದಿದ್ದರೆ ಅಕ್ಕಪಕ್ಕದ ಎರಡು ಮೂರು ಮನೆಗಳ ಹಿತ್ತಲನ್ನು ಸೇರಿಸಿಕೊಂಡು ಬೆಳೆಯುವವರೂ ಇದ್ದಾರೆ. ನೀರಿನ ವ್ಯವಸ್ಥೆ ಮೂರು ಕಡೆ ಮಾಡಬೇಕು ಅನ್ನುವುದೇ ಅದರ ತಲೆನೋವು.

ಮಾಲೀಕರ ಎದುರು ಕೂತಾಗ ಅವರ ಮನಸ್ಸಿನಲ್ಲಿರುವ ಭಯ ಒಂದೇ: ಕೊಟ್ಟ ಜಾಗ ಕೈತಪ್ಪಿ ಹೋದರೆ? ಅದನ್ನು ನೀವೇ ಮೊದಲು ಎತ್ತಿ. ಅವಧಿ ಇಷ್ಟು, ಮುಗಿದ ಮೇಲೆ ಖಾಲಿ ಮಾಡುತ್ತೇವೆ, ಬರೆದುಕೊಡುತ್ತೇವೆ ಅನ್ನಿ. ಬೇಸಾಯದ ಜಮೀನನ್ನು ಗುತ್ತಿಗೆಗೆ ಕೊಡುವ, ಕೊಳ್ಳುವ ಕಾನೂನು ಒಂದೊಂದು ಕಡೆ ಒಂದೊಂದು ಥರ ಇರುವುದರಿಂದ ಅಲ್ಲಿನ ವಕೀಲರೊಬ್ಬರಿಗೆ ಕರಡು ತೋರಿಸದೆ ಸಹಿ ಹಾಕಬೇಡಿ. ಜಾಗ ನಿಜವಾಗಿ ಯಾರ ಹೆಸರಲ್ಲಿದೆ, ಅಣ್ಣತಮ್ಮಂದಿರ ಪಾಲು ಆಗಿದೆಯೇ ಅಂತಲೂ ಅವರೇ ನೋಡಲಿ.

ಕರಾರಿನಲ್ಲಿ ಅವಧಿ ಕನಿಷ್ಠ ಮೂರು ವರ್ಷ, ಸಾಧ್ಯವಾದರೆ ಐದು. ಒಂದು ವರ್ಷಕ್ಕೆ ಮಾತ್ರ ಅಂದರೆ ನೀವು ಮಣ್ಣು ಸರಿಮಾಡಿ ಕೊಟ್ಟು ಬಂದಹಾಗೆ. ಮಧ್ಯದಲ್ಲಿ ಬಿಡಿಸಬೇಕಾದರೆ ಎಷ್ಟು ತಿಂಗಳ ನೋಟಿಸು, ಆಗ ನೆಲದಲ್ಲಿರುವ ಬೆಳೆ ಯಾರದ್ದು, ಕರೆಂಟು ಬಿಲ್ಲು ಯಾರದ್ದು, ಪಂಪು ಸುಟ್ಟರೆ ರಿಪೇರಿ ಯಾರದ್ದು, ಇವೆಲ್ಲ ಬಾಯಿಮಾತಿನಲ್ಲಿ ಬಿಡಬೇಡಿ. ಬೇಲಿ, ಪೈಪು, ಶೆಡ್ಡು ನಿಮ್ಮದು, ಬಿಟ್ಟು ಹೋಗುವಾಗ ಬಿಚ್ಚಿಕೊಂಡು ಹೋಗಬಹುದು ಅಂತ ಒಂದು ಸಾಲು ಇರಲಿ. 19ನೇ ಶತಮಾನದ ಪ್ಯಾರಿಸ್‌ನಲ್ಲಿ ಬಾಡಿಗೆ ಜಾಗದಲ್ಲಿ ತರಕಾರಿ ಬೆಳೆಯುತ್ತಿದ್ದವರು ಇದಕ್ಕಿಂತ ಮುಂದೆ ಹೋಗಿದ್ದರು. ಊರಿನ ಕುದುರೆ ಲಾಯಗಳ ಲದ್ದಿ ತಂದು ವರ್ಷಗಟ್ಟಲೆ ಕಟ್ಟಿದ ಮಣ್ಣು ಅವರದ್ದು. ಜಾಗ ಬಿಡುವಾಗ ಇಷ್ಟು ಆಳದವರೆಗಿನ ಮಣ್ಣನ್ನೂ ಹೊತ್ತೊಯ್ಯಬಹುದು ಅಂತ ಕರಾರಿನಲ್ಲೇ ಬರೆಸಿಕೊಳ್ಳುತ್ತಿದ್ದರು. ನೀವು ಅಷ್ಟು ಕೇಳಬೇಕಿಲ್ಲ. ಅವಧಿಗೆ ಮುಂಚೆ ಬಿಡಿಸಿದರೆ ಗೊಬ್ಬರದ ಖರ್ಚಿನಲ್ಲಿ ಇಷ್ಟು ಪಾಲು ವಾಪಸ್ಸು ಅಂತ ಕೇಳಿ. ಎಷ್ಟೋ ಮಾಲೀಕರು ಒಪ್ಪುತ್ತಾರೆ.

ಕೊನೆಯ ಪ್ರಶ್ನೆ, ಎಷ್ಟು ದಿನಕ್ಕೆ ಬಿತ್ತಬಹುದು. ಮೂರು ತಿಂಗಳು ಇಟ್ಟುಕೊಳ್ಳಿ. ಕಳೆ ನೆಲಕ್ಕೆ ಸಮ ಕೊಚ್ಚಿ, ಒಮ್ಮೆ ನೀರು ಕೊಟ್ಟು, ದಪ್ಪನೆಯ ಕಪ್ಪು ಟಾರ್ಪಾಲು ಹೊದಿಸಿ ಅಂಚಿಗೆ ಕಲ್ಲು ಹೇರಿ ಆರು ವಾರ ಬಿಡಿ. ಅದರಡಿ ಮೊಳೆತ ಕಳೆ ಬೆಳಕಿಲ್ಲದೆ ಸಾಯುತ್ತದೆ. ಆ ಸಮಯದಲ್ಲಿ ಬೇಲಿ, ನೀರಿನ ಪೈಪು, ಸಸಿ ಮಾಡುವ ನೆರಳು ಮನೆ ಮುಗಿಸಿ. ಟಾರ್ಪಾಲು ತೆಗೆದಮೇಲೆ ಗಟ್ಟಿ ಪದರ ಇರುವ ಕಡೆ ಆಳವಾಗಿ ಹಾರೆ ಹಾಕಿ ಸಡಿಲಿಸಿ, ಕಾಂಪೋಸ್ಟ್ ಹರಡಿ, ಮಡಿ ಕಟ್ಟಿ. ಇಪ್ಪತ್ತೆರಡು ಮಡಿಯನ್ನೂ ಒಟ್ಟಿಗೆ ತೆರೆಯಬೇಡಿ. ಮೊದಲ ಬೆಳೆಗೆ ಎಂಟು ಸಾಕು, ಉಳಿದದ್ದು ಟಾರ್ಪಾಲಿನ ಅಡಿಯೇ ಇರಲಿ. ಆ ಎಂಟರಲ್ಲಿ ಬೀಜ ಬಿತ್ತುವ ಕ್ಯಾರೆಟ್ ಬೇಡ, ಕಳೆ ಕೀಳುವುದರಲ್ಲೇ ಸಾಕಾಗಿಹೋಗುತ್ತದೆ. ಸಸಿ ಮಾಡಿ ನಾಟಿ ಹಾಕುವ ಎಲೆಕೋಸು, ಟೊಮೆಟೊ, ಬದನೆಯಂಥವುಗಳಿಂದ ಶುರುಮಾಡಿ.